ಎರಡನೇ ಸ್ಥಾನದ ಕಮಲೇಶ

ಮಂಗಳೂರಿನ ಬೋಳಾರದ ಕಮಲೇಶನಿಗೆ ಕಡಲು ಆಗಿಬರಲಿಲ್ಲ. ತಲೆಮಾರುಗಳಿಂದ ಬಲೆ ಬೀಸಿ ಬದುಕಿದ ಮನೆತನ ಅವರದು. ಅಜ್ಜ ದೋಣಿಯಲ್ಲಿ ಹೋಗುತ್ತಿದ್ದರು, ಅಪ್ಪ ಬೋಟಿನಲ್ಲಿ ಹೋಗುತ್ತಿದ್ದರು, ಸೋದರಮಾವ ಕಿಟ್ಟು ಈಗಲೂ ಹೋಗುತ್ತಾನೆ. ಕಮಲೇಶ ಮಾತ್ರ ಬೋಟು ಅಳಿವೆ ದಾಟುವ ಮೊದಲೇ ಅಂಚಿಗೆ ಬಾಗಿ, ಬೆಳಗ್ಗೆ ಕುಡಿದ ಗಂಜಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿಬಿಡುತ್ತಿದ್ದ. ಕೆಲವು ಸಲ ನೋಡಿದ ಕಿಟ್ಟುಮಾವ, ಮೀನು ಹಿಡಿಯಲಿಕ್ಕೆ ಹೋದವರು ಮೀನಿಗೆ ಊಟ ಹಾಕಿ ಬಂದರೆ ಮನೆ ನಡೆಯುವುದು ಹೇಗೆ ಎಂದು ಕೇಳಿ, ಅಳಿಯನನ್ನು ನೆಲಕ್ಕೆ ಬಿಟ್ಟುಕೊಟ್ಟ.

ನೆಲದ ಮೇಲೆ ಅವನಿಗೆ ಸಿಕ್ಕಿದ್ದು ಸೈಕಲ್ಲು. ತಾಯಿ ದಮಯಂತಿ ಬಂದರಿನ ಧಕ್ಕೆಯಲ್ಲಿ ಬೋಟಿನಿಂದ ಇಳಿದ ಮೀನನ್ನು ಏಲಂನಲ್ಲಿ ಕೊಂಡು ಮಾರ್ಕೆಟ್ಟಿನಲ್ಲಿ ಮಾರುವವಳು. ಐಸು ಕರಗುವ ಮೊದಲು ಬುಟ್ಟಿ ಮಾರ್ಕೆಟ್ಟು ಮುಟ್ಟಬೇಕು. ಕ್ಯಾರಿಯರಿನಲ್ಲಿ ಬಂಗುಡೆ, ಹ್ಯಾಂಡಲಿನ ಎರಡೂ ಬದಿ ಬೂತಾಯಿ ತೂಗುಹಾಕಿಕೊಂಡು, ಸಿಟಿ ಬಸ್ಸುಗಳ ನಡುವೆ ನುಗ್ಗಿ ಏರು ಹತ್ತುವುದು ಕಮಲೇಶನ ದಿನಚರಿಯಾಯಿತು. ಮಂಗಳೂರಿನ ಸಿಟಿ ಬಸ್ಸಿನ ಮುಂದೆ ವರ್ಷಗಟ್ಟಲೆ ಸೈಕಲ್ಲು ಬಿಟ್ಟು ಬದುಕಿ ಉಳಿದವನಿಗೆ ಬೇರೆ ತರಬೇತಿ ಬೇಕಾಗುವುದಿಲ್ಲ. ಯಾವುದೋ ಸ್ವಾತಂತ್ರ್ಯ ದಿನದ ಸೈಕಲ್ ಸ್ಪರ್ಧೆಯಲ್ಲಿ ಅದೇ ಕ್ಯಾರಿಯರ್ ಸೈಕಲ್ಲಿನಲ್ಲಿ ಹೋಗಿ, ಹೆಲ್ಮೆಟ್ಟು ಕೂಲಿಂಗ್ ಗ್ಲಾಸು ಹಾಕಿದವರನ್ನೆಲ್ಲ ಹಿಂದೆ ಹಾಕಿ ಗೆದ್ದುಬಿಟ್ಟ. ಅವನ ಬೆನ್ನ ಹಿಂದೆ ಉಳಿದವರಿಗೆ ಸೋತ ಬೇಸರಕ್ಕಿಂತ ಮೀನಿನ ವಾಸನೆಯ ಬೇಸರವೇ ಹೆಚ್ಚಾಗಿತ್ತಂತೆ.

ಅಲ್ಲಿ ಅವನನ್ನು ಕಂಡು ಹಿಡಿದವನು ಸೆಡ್ರಿಕ್. ಒಂದು ಕಾಲದಲ್ಲಿ ತಾನೂ ರೇಸು ಓಡಿಸಿದವನು, ಈಗ 'ಕೋಸ್ಟಲ್ ಟೈಗರ್ಸ್' ಎಂಬ ವೃತ್ತಿಪರ ಸೈಕಲ್ ತಂಡದ ಮ್ಯಾನೇಜರು. ಆಗಷ್ಟೇ ರಾಜ್ಯದ ಏಳೆಂಟು ಊರುಗಳ ಹಣವಂತರು ಸೇರಿ ಒಂದು ಸೈಕಲ್ ಲೀಗು ಹುಟ್ಟುಹಾಕಿದ್ದರು. ಕ್ರಿಕೆಟ್ಟಿನ ತಂಡ ಕೊಳ್ಳುವಷ್ಟು ಹಣ ಇಲ್ಲದವರಿಗೂ ತಂಡದ ಮಾಲೀಕರಾಗುವ ಆಸೆ ಇರುತ್ತದಷ್ಟೆ. ಮಂಗಳೂರಿನ ತಂಡ ಹೋಟೆಲು ಉದ್ಯಮಿ ಸಂಕಪ್ಪ ಶೆಟ್ಟರದು. ಕ್ರೀಡೆಯೇ ತನ್ನ ಉಸಿರು ಎಂದು ಅವರು ಎಲ್ಲ ವೇದಿಕೆಗಳಲ್ಲಿ ಹೇಳುತ್ತಿದ್ದರು. ಸೈಕಲ್ಲು ಹತ್ತಿದ್ದು ಉದ್ಘಾಟನೆಯ ದಿನ ಮಾತ್ರ. ಅದೂ ಸ್ಟ್ಯಾಂಡು ಹಾಕಿದ ಸೈಕಲ್ಲು, ಹಿಂದಿನಿಂದ ಇಬ್ಬರು ಹಿಡಿದುಕೊಂಡಿದ್ದರು.

ತಂಡಕ್ಕೆ ಸೇರಿದ ಕಮಲೇಶನಿಗೆ ಗಾಳಿಯಷ್ಟು ಹಗುರದ ಸೈಕಲ್ಲು ಸಿಕ್ಕಿತು, ಎದೆಯ ಮೇಲೆ ಹುಲಿಯ ಮೂತಿ ಇರುವ ಬಿಗಿ ಅಂಗಿ ಸಿಕ್ಕಿತು, ತಿಂಗಳಿಗೆ ಸಂಬಳ ಸಿಕ್ಕಿತು. ಮೊದಲ ರೇಸು ಹುಬ್ಬಳ್ಳಿಯಲ್ಲಿ. ಹಿಂದಿನ ದಿನ ಸಂಜೆ ಹೋಟೆಲು ಕೋಣೆಗೆ ಸೆಡ್ರಿಕ್ ಬಂದು, ಕಾಫಿ ತರಿಸಿ, ನಾಳೆ ನೀನು ಎರಡನೆಯವನಾಗಿ ಬರಬೇಕು ಎಂದ. ಕಮಲೇಶ ಅದನ್ನು ಪ್ರೋತ್ಸಾಹ ಎಂದುಕೊಂಡು, ಒಂದನೆಯವನಾಗಿಯೇ ಬರಲು ಪ್ರಯತ್ನಿಸುತ್ತೇನೆ ಎಂದು ಹೇಳಿದ. ಸೆಡ್ರಿಕ್ ಕಾಫಿಯ ಲೋಟ ಕೆಳಗಿಟ್ಟ.

"ಪ್ರಯತ್ನ ಮಾಡ್ಬೇಡ. ಅದನ್ನೇ ನಾನು ಹೇಳ್ತಾ ಇರುವುದು. ಹುಬ್ಬಳ್ಳಿಯಲ್ಲಿ ಹುಬ್ಬಳ್ಳಿಯವ ಗೆದ್ರೆ ಜನ ಬರ್ತಾರೆ. ಜನ ಬಂದ್ರೆ ಜಾಹೀರಾತು ಬರ್ತದೆ. ಜಾಹೀರಾತು ಬಂದ್ರೆ ನಿನ್ನ ಸಂಬಳ ಬರ್ತದೆ. ಇದ್ರಲ್ಲಿ ಮೋಸ ಎಲ್ಲಿ ಉಂಟು, ತೋರಿಸು ಮಾರಾಯ."

ಕಮಲೇಶ ಬಹಳ ಹುಡುಕಿದ. ಎಲ್ಲಿಯೋ ಇದೆ ಎಂದು ಅನಿಸುತ್ತಿತ್ತು, ತೋರಿಸಲಿಕ್ಕೆ ಆಗಲಿಲ್ಲ. ಆಯಾ ಊರಿನಲ್ಲಿ ಆಯಾ ಊರಿನವ ಗೆಲ್ಲುವುದು ಮಾಲೀಕರೆಲ್ಲ ಕೂತು ಮಾಡಿಕೊಂಡ ಹೊಂದಾಣಿಕೆ. ಅದಕ್ಕೆ ಒಳಗೊಳಗೆ 'ಎಡ್ಜಸ್ಟ್‌ಮೆಂಟ್' ಎಂದು ಹೆಸರು. ಮಂಗಳೂರಿನಲ್ಲಿ ರೇಸು ನಡೆಯುವಾಗ ನಿನ್ನದೇ ಗೆಲುವು ಎಂದು ಸೆಡ್ರಿಕ್ ಮಾತು ಕೊಟ್ಟ. ಮಂಗಳೂರಿಗೆ ಲೀಗು ಬರಲಿಕ್ಕೆ ಎರಡು ಮೂರು ವರ್ಷವಾಗಬಹುದು, ರಸ್ತೆಯ ಕಾಂಕ್ರೀಟು ಕೆಲಸ ಮುಗಿಯಬೇಕಲ್ಲ ಎಂದೂ ಸೇರಿಸಿದ.

ಹೀಗೆ ಕಮಲೇಶ ಸೋಲುವ ಕೆಲಸಕ್ಕೆ ಸೇರಿದ. ಅದನ್ನು ಸುಲಭದ ಕೆಲಸ ಎಂದುಕೊಳ್ಳುವವರು ಯಾವತ್ತೂ ಗೆಲ್ಲುವ ಸ್ಥಿತಿಯಲ್ಲಿ ಇರಲಿಲ್ಲ ಎಂದೇ ಅರ್ಥ. ತುಂಬ ಹಿಂದೆ ಬಿದ್ದರೆ ಟಿವಿಯವರು ತೋರಿಸುವುದಿಲ್ಲ. ತುಂಬ ಹತ್ತಿರ ಹೋದರೆ, ಗೆಲ್ಲಬೇಕಾದವನ ಕಾಲಲ್ಲಿ ದಮ್ಮು ಇಲ್ಲದಿದ್ದರೆ, ಅಪ್ಪಿತಪ್ಪಿ ಗೆದ್ದೇ ಬಿಡುವ ಅಪಾಯ. ಅರ್ಧ ಚಕ್ರದಷ್ಟು ಹಿಂದೆ ಉಳಿದು, ಗೆರೆ ದಾಟಿದ ಮೇಲೆ ಹ್ಯಾಂಡಲಿಗೆ ಹಣೆ ಬಡಿದುಕೊಂಡು, ಛೆ ಎನ್ನುವ ಮುಖ ಮಾಡಬೇಕು. ಕಮಲೇಶ ಅದರಲ್ಲಿ ಎಷ್ಟು ನುರಿತನೆಂದರೆ, ಬೇರೆ ತಂಡದ ಮ್ಯಾನೇಜರುಗಳು ತಮ್ಮ ಹೊಸ ಸವಾರರಿಗೆ ಅವನನ್ನು ತೋರಿಸಿ ನೋಡಿ ಕಲಿಯಿರಿ ಎನ್ನುತ್ತಿದ್ದರು. ಮೈಸೂರಿನಲ್ಲಿ, ಬೆಳಗಾವಿಯಲ್ಲಿ, ಶಿವಮೊಗ್ಗದಲ್ಲಿ, ಎಲ್ಲಿ ಹೋದರೂ ಎರಡು. ಇದೇ ಕೆಲಸದಲ್ಲಿ ಅವನಷ್ಟೇ ಪಳಗಿದ ಇನ್ನೊಬ್ಬನೆಂದರೆ ಕಾಟಿಪಳ್ಳದ ಶಾಹುಲ್. ಊರು ಇಲ್ಲಿಯದಾದರೂ ಓಡಿಸುತ್ತಿದ್ದದ್ದು ಉಡುಪಿಯ ತಂಡಕ್ಕೆ; ಸಾಮಾನ್ಯವಾಗಿ ಮೂರನೆಯವನಾಗಿ ಬರುತ್ತಿದ್ದ. ವಿಜಯ ವೇದಿಕೆಯ ಎಡ ಬಲದ ಮೆಟ್ಟಿಲುಗಳಲ್ಲಿ ನಿಂತು ನಿಂತೇ ಇಬ್ಬರಿಗೂ ಸ್ನೇಹವಾಯಿತು.

ಮನೆಯಲ್ಲಿ ಈ ಎಡ್ಜಸ್ಟ್‌ಮೆಂಟಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ದಮಯಂತಿಯ ಪಕ್ಕ ಕೂತು ಮೀನು ಮಾರುವ ಅಕ್ಕು ಎಂಬಾಕೆಗೆ ಮಾತ್ರ ಇದೊಂದು ನಿತ್ಯದ ಮನರಂಜನೆಯಾಗಿತ್ತು. ನಿನ್ನ ಮಗನಿಗೆ ಒಂದು ಅಂದರೆ ಅಲರ್ಜಿಯಾ ಎಂದು ಗಿರಾಕಿಗಳ ಎದುರೇ ಕೇಳುತ್ತಿದ್ದಳು. ದಮಯಂತಿ ಮೀನು ಕೊಯ್ಯುವ ಕತ್ತಿಯನ್ನು ಕೆಳಗಿಡದೆಯೇ ಉತ್ತರ ಕೊಡುತ್ತಿದ್ದಳು. ಎದುರಿನವರ ಸೈಕಲ್ಲು ಫಾರಿನ್ನಿನದು, ಬೆಳಗಾವಿಯ ಗಾಳಿ ಬೇರೆ, ಅಂಪೈರು ಅವರದೇ ಜನ ಎಂದೆಲ್ಲ ಮಗನ ಪರವಾಗಿ ವಾದಿಸುತ್ತಿದ್ದಳು. ಸೈಕಲ್ ರೇಸಿಗೆ ಅಂಪೈರು ಇರುವುದಿಲ್ಲ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಅಕ್ಕುವಿಗೂ ಗೊತ್ತಿರಲಿಲ್ಲ. ಹಾಗಾಗಿ ವಾದ ಚೆನ್ನಾಗಿ ನಡೆಯುತ್ತಿತ್ತು.

ಕೊನೆಗೆ ಮಂಗಳೂರಿನ ಸರದಿ ಬಂತು. ಸುರತ್ಕಲ್ಲಿನಿಂದ ಹೊರಟು, ಬೈಕಂಪಾಡಿ, ಕೂಳೂರು ಸೇತುವೆ, ಲೇಡಿಹಿಲ್, ಹಂಪನಕಟ್ಟೆ ದಾಟಿ ಮಂಗಳಾದೇವಿಯ ರಸ್ತೆಯಲ್ಲಿ ಮುಕ್ತಾಯ. ಅಂದರೆ ಕಮಲೇಶನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ದಮಯಂತಿ ಆ ದಿನ ವ್ಯಾಪಾರಕ್ಕೆ ಹೋಗುವುದಿಲ್ಲ ಎಂದು ಮೊದಲೇ ಸಾರಿದ್ದಳು. ಅಕ್ಕುವನ್ನೂ ಕರೆದಿದ್ದಳು, ಅದು ಆಮಂತ್ರಣಕ್ಕಿಂತ ಹೆಚ್ಚಾಗಿ ಸವಾಲು. ಈ ಬಾರಿ ಒಂದು ಗ್ಯಾರಂಟಿ ಎಂದು ಕಮಲೇಶ ಅವಳಿಗೆ ಹೇಳಿಬಿಟ್ಟಿದ್ದ. ಕ್ರೀಡಾಳುಗಳು ಸಾಮಾನ್ಯವಾಗಿ ಅಷ್ಟು ಖಚಿತವಾಗಿ ಮಾತಾಡುವುದಿಲ್ಲ.

ರೇಸಿನ ವಾರ ಸಂಕಪ್ಪ ಶೆಟ್ಟರು ಅವನನ್ನು ಹೋಟೆಲಿಗೆ ಕರೆಸಿ, ಎದುರು ಕೂರಿಸಿ, ಕೋರಿರೊಟ್ಟಿ ಬಡಿಸಿದರು. ಅವರ ಮಗ ಕೌಶಲ್ ಕೆಲವು ತಿಂಗಳಿಂದ ಸೈಕಲ್ಲು ತುಳಿಯುತ್ತಿದ್ದ. ಜಿಮ್ಮಿನಲ್ಲಿ ಸೊಂಟ ಉಳುಕಿಸಿಕೊಂಡ ಮೇಲೆ ಡಾಕ್ಟರು ಬೇರೇನಾದರೂ ಮಾಡಿ ಎಂದಿದ್ದರು. ಹಾಗಾಗಿ ಅವನು ಅಪ್ಪನ ತಂಡದಲ್ಲಿಯೇ ವೃತ್ತಿಪರ ಸೈಕಲ್ ಪಟುವಾಗಿಬಿಟ್ಟಿದ್ದ. ಶೆಟ್ಟರು ಇನ್ನೊಂದು ರೊಟ್ಟಿ ಹಾಕಿಸಿ, ಊರಿನವನೇ ಗೆಲ್ಲಬೇಕು ಎಂಬ ನಿಯಮಕ್ಕೆ ಕೌಶಲನೂ ಊರಿನವನೇ ಅಲ್ಲವೇ ಎಂದು ಬಹಳ ಮೃದುವಾಗಿ ಕೇಳಿದರು.

"ನನ್ನ ಅಮ್ಮ ಬರ್ತಾರೆ ಧಣಿ," ಎಂದ ಕಮಲೇಶ. ಅವನಿಗೆ ಹೊಳೆದ ಏಕೈಕ ವಾದ ಅದು.

"ಬರ್ಲಿ, ಬರ್ಲಿ. ಒಳ್ಳೆ ಜಾಗದಲ್ಲಿ ಕುರ್ಚಿ ಹಾಕಿಸುವ," ಎಂದರು ಶೆಟ್ಟರು.

ಕೌಶಲನಿಗೆ ಮಾತ್ರ ಇದೇನೂ ತಿಳಿಯಬಾರದು ಎಂದು ಕಟ್ಟಪ್ಪಣೆಯಾಯಿತು. ತಾನು ಸ್ವಂತ ಶಕ್ತಿಯಿಂದ ಗೆದ್ದೆ ಎಂಬ ಆತ್ಮವಿಶ್ವಾಸ ಅವನಿಗೆ ಬರಬೇಕು. ಅದಕ್ಕಾಗಿ ಮೂವತ್ತು ನಲುವತ್ತು ಜನ ಸೋಲಬೇಕು. ಮಕ್ಕಳನ್ನು ಬೆಳೆಸುವ ಖರ್ಚು ಒಬ್ಬೊಬ್ಬರಿಗೆ ಒಂದೊಂದು ರೀತಿ.

ರೇಸಿನ ದಿನ ಬೆಳಗ್ಗೆ ಎಲ್ಲವೂ ಹೇಳಿಕೊಟ್ಟ ಹಾಗೆಯೇ ನಡೆಯಿತು. ಬೈಕಂಪಾಡಿಯ ಲಾರಿಗಳ ಸಾಲು ದಾಟಿ ಕೂಳೂರು ಸೇತುವೆಯ ಮೇಲೆ ಬಂದಾಗ ಕೌಶಲ್ ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದ. ಉಳಿದವರೆಲ್ಲ ಒಟ್ಟಿಗೇ ಸುಸ್ತಾದರು. ಒಬ್ಬ ನೀರು ಕುಡಿದ, ಒಬ್ಬ ಗೇರನ್ನು ಪರೀಕ್ಷಿಸಿದ, ಶಾಹುಲ್ ಫಲ್ಗುಣಿ ನದಿಯ ಸೌಂದರ್ಯ ನೋಡಿದ. ಕೌಶಲ್ ಒಮ್ಮೆ ಹಿಂತಿರುಗಿ ನೋಡಿ, ತನ್ನ ವೇಗಕ್ಕೆ ತಾನೇ ಬೆರಗಾಗಿ, ಇನ್ನೂ ಜೋರಾಗಿ ತುಳಿದು ಕಣ್ಮರೆಯಾದ. ಅವನ ಮುಂದೆ ತೆರೆದ ಜೀಪಿನಲ್ಲಿ ಸೆಡ್ರಿಕ್ ಮತ್ತು ಕ್ಯಾಮೆರಾದವರು. ಹಿಂದಿನ ಗುಂಪು ಮದುವೆ ದಿಬ್ಬಣದಂತೆ ಮಾತಾಡಿಕೊಂಡು ಬಂತು.

ಯಾರೂ ಯೋಚಿಸದೆ ಇದ್ದದ್ದು ಜೀಪಿನ ಡ್ರೈವರನ ವಿಷಯ. ಅದು ಶೆಟ್ಟರ ಹೋಟೆಲಿನ ಜೀಪು. ಆ ಡ್ರೈವರು ವರ್ಷಗಳಿಂದ ಪ್ರತಿ ಬೆಳಗ್ಗೆ ಅದೇ ಹೊತ್ತಿಗೆ ಹೋಟೆಲಿಗೆ ಮೀನು ತರಲು ಧಕ್ಕೆಗೆ ಹೋಗುವವನು. ಹಂಪನಕಟ್ಟೆಯಲ್ಲಿ ಪಾಂಡೇಶ್ವರದ ಕಡೆಗೆ ಹೊರಳಬೇಕಿದ್ದ ಜೀಪು ಅಭ್ಯಾಸಬಲದಿಂದ ಧಕ್ಕೆಯ ದಾರಿ ಹಿಡಿದು ಸ್ಟೇಟ್ ಬ್ಯಾಂಕಿನ ಕಡೆಗೆ ಇಳಿಯಿತು. ಸೆಡ್ರಿಕ್ ಹಿಂದಕ್ಕೆ ತಿರುಗಿ ವೀಡಿಯೊ ತೆಗೆಸುವುದರಲ್ಲಿ ಮುಳುಗಿದ್ದ. ತಿರುವಿನಲ್ಲಿ ನಿಂತ ಸ್ವಯಂಸೇವಕರು ಧಣಿಗಳ ಜೀಪನ್ನು ತಡೆಯುವ ಅಧಿಕಪ್ರಸಂಗ ಮಾಡಲಿಲ್ಲ. ಜೀಪನ್ನೇ ನಂಬಿ ಹಿಂಬಾಲಿಸಿದ ಕೌಶಲ್, ಬಸ್ ನಿಲ್ದಾಣದ ಎದುರು ತೊಕ್ಕೊಟ್ಟಿಗೆ ಹೋಗುವ ಬಸ್ಸು ಮತ್ತು ಕಾವೂರಿಗೆ ಹೋಗುವ ಬಸ್ಸುಗಳ ನಡುವೆ ಸಿಕ್ಕಿಬಿದ್ದ. ಕಾವೂರು ಬಸ್ಸಿನ ಕಂಡಕ್ಟರು ಅವನನ್ನು ಫುಡ್ ಡೆಲಿವರಿಯವನೆಂದು ತಿಳಿದು ಬದಿಗೆ ಸರಿಯಲು ಹೇಳಿದನಂತೆ.

ಇತ್ತ ಮಂಗಳಾದೇವಿಯ ರಸ್ತೆಗೆ ಮೊದಲು ಬಂದವರು ಕಮಲೇಶ ಮತ್ತು ಶಾಹುಲ್. ಗೆದ್ದವನ ಸ್ವಾಗತದ ಗದ್ದಲ ಮುಗಿದಿರಬೇಕು ಎಂದುಕೊಂಡು ತಿರುವು ದಾಟಿದರೆ, ಬ್ಯಾಂಡಿನವರು ಸುಮ್ಮನೆ ಕೂತಿದ್ದರು. ಗೆರೆಗೆ ಅಡ್ಡ ಕಟ್ಟಿದ ರಿಬ್ಬನ್ನು ಹಾಗೆಯೇ ಇತ್ತು. ಇವರಿಬ್ಬರನ್ನು ಕಂಡು ಬ್ಯಾಂಡು ಒಮ್ಮೆಲೇ ಶುರುವಾಯಿತು. ಇಬ್ಬರೂ ಬ್ರೇಕು ಹಿಡಿದರು.

"ಕಮಲೇಶಣ್ಣ, ಕೌಶಲ್ ಎಲ್ಲಿ?" ಶಾಹುಲ್ ಪಿಸುಗುಟ್ಟಿದ.

"ನನಗೆಂತ ಗೊತ್ತು? ಮುಂದೆ ಇದ್ದ."

ಎರಡನೆಯವನಾಗಿ ಬಾ ಎಂದು ಹೇಳಿಸಿಕೊಂಡವನೂ ಮೂರನೆಯವನಾಗಿ ಬಾ ಎಂದು ಹೇಳಿಸಿಕೊಂಡವನೂ ಮೊದಲನೆಯವನಿಲ್ಲದೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗೆರೆ ಕಣ್ಣೆದುರೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹಾವಿನಂತೆ ಅತ್ತಿಂದಿತ್ತ ಹೊರಳಿಸುತ್ತ, ಬೀಳದ ಹಾಗೆ, ಮುಂದೆಯೂ ಹೋಗದ ಹಾಗೆ ಸೈಕಲ್ಲು ನಿಲ್ಲಿಸಿಕೊಂಡರು. ಕೃಷ್ಣಾಷ್ಟಮಿಯ ದಿನ ಯುವಕ ಮಂಡಲದವರು ಮಕ್ಕಳಿಗೆ ಸ್ಲೋ ಸೈಕಲ್ ರೇಸು ಇಡುತ್ತಾರಲ್ಲ, ಥೇಟ್ ಹಾಗೆ. ಹಿಂದಿನಿಂದ ಬಂದವರೂ ಈ ಇಬ್ಬರನ್ನು ಕಂಡು ಬ್ರೇಕು ಹಾಕಿದರು. ಹತ್ತು ಹನ್ನೆರಡು ಜನ ವೃತ್ತಿಪರ ಸೈಕಲ್ ಪಟುಗಳು ಗೆಲುವಿನ ಗೆರೆಗೆ ಹೆದರಿ ಗುಂಪಾಗಿ ನಿಂತದ್ದನ್ನು ಜನ ಮೊದಲ ಬಾರಿ ನೋಡುತ್ತಿದ್ದರು. ವೇದಿಕೆಯ ಮೇಲೆ ಹಾರ ಹಿಡಿದುಕೊಂಡಿದ್ದ ಸಂಕಪ್ಪ ಶೆಟ್ಟರು ಕೈಯಿಂದಲೇ ನಿಲ್ಲಿ, ನಿಲ್ಲಿ ಎಂದು ಸನ್ನೆ ಮಾಡುತ್ತಿದ್ದರು. ಜನ ಅದನ್ನು ಆಶೀರ್ವಾದ ಎಂದುಕೊಂಡರು.

ಮುಂದಿನ ಸಾಲಿನ ಕುರ್ಚಿಯಿಂದ ದಮಯಂತಿ ಎದ್ದಳು. ಮಾರ್ಕೆಟ್ಟಿನಲ್ಲಿ ಕೂಗಿ ಪಳಗಿದ ಗಂಟಲು. ಬ್ಯಾಂಡಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು.

"ಎಂತ ಮಗ, ಚೈನ್ ಬಿದ್ದಿದಾ?"

ಅದರಲ್ಲಿ ಬೈಗುಳ ಇರಲಿಲ್ಲ. ನಿಜವಾಗಿಯೂ ಚೈನು ಬಿದ್ದಿರಬೇಕು, ಇಲ್ಲದಿದ್ದರೆ ತನ್ನ ಮಗ ಯಾಕೆ ನಿಲ್ಲುತ್ತಾನೆ ಎಂಬ ಕಳವಳ ಮಾತ್ರ ಇತ್ತು. ಕಮಲೇಶನಿಗೆ ಅಮ್ಮನ ಕಡೆ ಮುಖ ಎತ್ತಲಾಗಲಿಲ್ಲ. ಪಕ್ಕದಲ್ಲಿ ಶಾಹುಲನ ಮುಖ ನೋಡಿದ.

"ಶಾಹುಲ್, ನಿಜವಾಗಿ ಹೋಗುವಾ?"

"ನಿಜವಾಗಿ ಅಂದ್ರೆ?"

"ನಿಜವಾಗಿ ಅಂದ್ರೆ ನಿಜವಾಗಿ. ನನಗೆ ಅಂತ ನಿಲ್ಬೇಡ."

ಶಾಹುಲ್ ಪೆಡಲ್ ಮೆಟ್ಟಿ ಹಾರಿದ. ಕಮಲೇಶ ಅವನ ಹಿಂದೆಯೇ ಬಿದ್ದ. ಅಷ್ಟು ಸಣ್ಣ ದೂರಕ್ಕೆ ಕಮಲೇಶ ತನ್ನ ಜನ್ಮದಲ್ಲಿ ಅಷ್ಟು ಬಲ ಹಾಕಿದ್ದಿಲ್ಲ. ಕಣ್ಣಿಗೆ ಶಾಹುಲನ ಬೆನ್ನು ಬಿಟ್ಟು ಬೇರೇನೂ ಕಾಣಿಸಲಿಲ್ಲ. ಗೆರೆಯ ಹತ್ತಿರ ಅವನ ಸರಿಸಮಕ್ಕೆ ಬಂದ, ಇನ್ನೊಂದು ತುಳಿತ ಸಿಕ್ಕಿದ್ದರೆ ದಾಟುತ್ತಿದ್ದ. ಸಿಗಲಿಲ್ಲ. ರಿಬ್ಬನ್ನು ಶಾಹುಲನ ಎದೆಗೆ ಸುತ್ತಿಕೊಂಡಿತು. ಅರ್ಧ ಚಕ್ರದಷ್ಟು ಹಿಂದೆ ಕಮಲೇಶ.

ಹಣೆಯನ್ನು ಹ್ಯಾಂಡಲಿಗೆ ಬಡಿದುಕೊಳ್ಳುವುದಕ್ಕೆ ಅವನಿಗೆ ನೆನಪೇ ಆಗಲಿಲ್ಲ. ಏದುಸಿರು ಬಿಡುತ್ತ ನಗುತ್ತಿದ್ದ. ಇಬ್ಬರೂ ರಸ್ತೆಯ ಮೇಲೆ ಕೂತು ಹೆಗಲ ಮೇಲೆ ಕೈ ಹಾಕಿಕೊಂಡು ನಕ್ಕದ್ದನ್ನು ಅಲ್ಲಿದ್ದ ಎಲ್ಲ ಕ್ಯಾಮೆರಾಗಳೂ ಹಿಡಿದವು. ಆ ಚಿತ್ರವೇ ಮುಂದೆ ಅವರ ವಿರುದ್ಧ ಮುಖ್ಯ ಸಾಕ್ಷಿಯಾಯಿತು.

ವಾರದೊಳಗೆ ಸಂಕಪ್ಪ ಶೆಟ್ಟರು ಪತ್ರಿಕಾಗೋಷ್ಠಿ ಕರೆದು, ಸೈಕಲ್ ಕ್ರೀಡೆಯಲ್ಲಿ ಭ್ರಷ್ಟಾಚಾರ ನುಸುಳಿದೆ ಎಂದು ಘೋಷಿಸಿದರು. ತಮ್ಮ ತಂಡದ ಕಮಲೇಶ ಗೆಲ್ಲಬಹುದಾದ ರೇಸನ್ನು ಎದುರಾಳಿ ತಂಡದ ಶಾಹುಲನಿಗೆ ಬೇಕೆಂದೇ ಬಿಟ್ಟುಕೊಟ್ಟಿದ್ದಾನೆ, ತಮಗೆ ಆಘಾತವಾಗಿದೆ ಎಂದರು. ಆಘಾತದ ನಡುವೆಯೂ ಪತ್ರಕರ್ತರಿಗೆ ಊಟದ ವ್ಯವಸ್ಥೆ ಚೆನ್ನಾಗಿತ್ತು. ಲೀಗಿನವರು ಶಿಸ್ತು ಸಮಿತಿ ನೇಮಿಸಿದರು. ಸಮಿತಿ ಕೂತದ್ದು ಶೆಟ್ಟರ ಹೋಟೆಲಿನಲ್ಲಿಯೇ; ನ್ಯಾಯಕ್ಕೆ ಎಸಿ ಇರುವ ಸಭಾಂಗಣ ಬೇಕಲ್ಲ. ಅಧ್ಯಕ್ಷರಾಗಿ ಬಂದವರು ಯಾವುದೋ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ರೇಸಿನ ದಿನ ಅವರೂ ವೇದಿಕೆಯಲ್ಲಿ ಕೌಶಲನಿಗೆಂದೇ ತಂದ ಶಾಲು ಹಿಡಿದು ನಿಂತಿದ್ದರು.

ಸೆಡ್ರಿಕ್ ಸಾಕ್ಷಿ ಹೇಳಿದ. ಇಬ್ಬರೂ ಗೆರೆಯ ಹತ್ತಿರ ನಿಂತು ಮಾತಾಡಿಕೊಂಡದ್ದನ್ನು ಸಾವಿರ ಜನ ನೋಡಿದ್ದಾರೆ, ಆಮೇಲೆ ಇವರು ಕೂತು ನಕ್ಕಿದ್ದಾರೆ, ಸೋತವನು ಯಾವತ್ತಾದರೂ ನಗುತ್ತಾನಾ ಎಂದು ಕೇಳಿದ. ಹೇಳುವಾಗ ಕಮಲೇಶನ ಕಡೆ ನೋಡಲಿಲ್ಲ. ಅವನಿಗೂ ಮಕ್ಕಳಿದ್ದರು, ಶಾಲೆಯ ಫೀಸು ಇತ್ತು. ಕಮಲೇಶನಿಗೆ ಅವನ ಮೇಲೆ ಸಿಟ್ಟು ಬರುವ ಬದಲು ಒಂದು ತೆರನ ಮೆಚ್ಚುಗೆ ಬಂತು. ಛೆ ಎನ್ನುವ ಮುಖ ಮಾಡುವುದನ್ನು ತನಗೆ ಕಲಿಸಿದವನು ಇವನೇ ತಾನೆ.

ಅಧ್ಯಕ್ಷರು ಕಮಲೇಶನಿಗೆ, ಆ ದಿನ ಬೇಕೆಂದು ಸೋತದ್ದು ಹೌದೋ ಅಲ್ಲವೋ ಹೇಳು ಎಂದರು.

"ಆ ದಿನ ಅಲ್ಲ ಸರ್. ಆ ದಿನ ಒಂದೇ ನಾನು ನಿಜವಾಗಿ ಸೋತದ್ದು. ಉಳಿದದ್ದೆಲ್ಲ ಇವರು ಹೇಳಿದ್ದಕ್ಕೆ ಸೋತದ್ದು."

ಅಧ್ಯಕ್ಷರು ಕನ್ನಡಕ ಒರೆಸಿ, ಚಹಾ ವಿರಾಮ ಘೋಷಿಸಿದರು. ವಿರಾಮದ ನಂತರ ಬಂದ ತೀರ್ಪಿನಲ್ಲಿ, ಕಮಲೇಶ ಹಿಂದಿನ ರೇಸುಗಳಲ್ಲಿಯೂ ಬೇಕೆಂದೇ ಸೋತದ್ದನ್ನು ತಾನಾಗಿಯೇ ಒಪ್ಪಿಕೊಂಡಿದ್ದಾನೆ ಎಂಬುದು ಇತ್ತು. ಯಾರು ಹೇಳಿದ್ದಕ್ಕೆ ಎಂಬುದು ಚಹಾದ ಜೊತೆ ಕರಗಿಹೋಗಿತ್ತು. ಕಮಲೇಶನಿಗೂ ಶಾಹುಲನಿಗೂ ಆಜೀವ ನಿಷೇಧ. ಮಂಗಳೂರಿನ ರೇಸನ್ನು ಯಾರೂ ಗೆದ್ದಿಲ್ಲ ಎಂದು ತೀರ್ಮಾನವಾಯಿತು. ಒತ್ತಡದ ನಡುವೆಯೂ ಯಾವ ಅಡ್ಡದಾರಿಯನ್ನೂ ಹಿಡಿಯದೆ ಸ್ಪರ್ಧಿಸಿದ್ದಕ್ಕಾಗಿ ಕೌಶಲನಿಗೆ ವಿಶೇಷ ಪ್ರಶಸ್ತಿ ಕೊಟ್ಟರು. ಸ್ಟೇಟ್ ಬ್ಯಾಂಕಿನ ದಾರಿ ಅಡ್ಡದಾರಿಯಲ್ಲವಷ್ಟೆ, ಮುಖ್ಯರಸ್ತೆ.

ತೀರ್ಪಿನ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಫೋಟೊ ಬಂದ ದಿನ ಕಮಲೇಶ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ದಮಯಂತಿ ಸಾರಿಗೆ ಬೂತಾಯಿ ಕೊಯ್ಯುತ್ತಿದ್ದಳು. ತಲೆ ಎತ್ತದೆ, ಆ ದಿನ ನಿಜವಾಗಿ ಸೋತದ್ದಾ, ಸೋತ ಹಾಗೆ ಮಾಡಿದ್ದಾ ಎಂದು ಕೇಳಿದಳು.

"ನಿಜವಾಗಿ ಸೋತದ್ದಮ್ಮ."

"ಮುಂಚಿನದ್ದೆಲ್ಲ?"

ಅವನು ಬಾಗಿಲಿನ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. ಅವಳು ಕೈಯಲ್ಲಿದ್ದ ಮೀನನ್ನು ಪೂರ್ತಿ ಕೊಯ್ದು, ತೊಳೆದು, ಚಟ್ಟಿಗೆ ಹಾಕಿದಳು.

"ಅದಕ್ಕೆಲ್ಲ ನಾನು ಅಕ್ಕು ಹತ್ರ ಜಗಳ ಮಾಡಿದ್ದು," ಎಂದಳು. "ಬೆಳಗಾವಿಯ ಗಾಳಿ ಬೇರೆ ಅಂತ ಹೇಳಿದ್ದು."

ಸಮಿತಿಯ ಎದುರು ಆಗದ ನಾಚಿಕೆ ಅವನಿಗೆ ಅಲ್ಲಿ ಆಯಿತು. ಆಮೇಲೆ ಕೆಲವು ದಿನ ದಮಯಂತಿ ಅವನ ಊಟ ಮುಚ್ಚಿಟ್ಟು ಮೊದಲೇ ಮಲಗುತ್ತಿದ್ದಳು. ಆದರೆ ಮಾರ್ಕೆಟ್ಟಿನಲ್ಲಿ ಅಕ್ಕು ಪೇಪರಿನ ಸುದ್ದಿ ಎತ್ತಿದಾಗ, ಆ ಒಂದು ಸೋಲು ನಿಜದ್ದು, ನೀನೂ ನೋಡಿದ್ದೀಯಲ್ಲ ಎಂದು ಮತ್ತೆ ಜಗಳಕ್ಕೆ ನಿಂತಳಂತೆ. ಅಕ್ಕು, ಹೌದು, ಅವನ ಮುಖ ಹಾಗೆ ಕೆಂಪಾದದ್ದನ್ನು ಮುಂಚೆ ಟಿವಿಯಲ್ಲಿ ನೋಡಿರಲಿಲ್ಲ ಎಂದು ಒಪ್ಪಿದಳಂತೆ. ಅಕ್ಕು ಒಪ್ಪಿದ್ದು ಅದೇ ಮೊದಲು.

ಆಜೀವ ನಿಷೇಧ ಹೇರಿದ ಲೀಗಿನ ಆಯುಷ್ಯ ಮುಂದಿನ ಮಳೆಗಾಲದವರೆಗೂ ಬರಲಿಲ್ಲ. ಮಾಲೀಕರ ನಡುವೆ ಮೈಸೂರಿನಲ್ಲಿ ಯಾರು ಗೆಲ್ಲಬೇಕು ಎಂಬ ವಿಷಯಕ್ಕೆ ಜಗಳವಾಗಿ ಎಲ್ಲರೂ ತಂಡ ಮುಚ್ಚಿದರು. ಸೆಡ್ರಿಕ್ ಗೋವಾಕ್ಕೆ ಹೋದ. ಶಾಹುಲ್ ಕಾಟಿಪಳ್ಳದಲ್ಲಿ ಸೈಕಲ್ ರಿಪೇರಿಯ ಅಂಗಡಿ ಹಾಕಿದ. ಕಮಲೇಶನಿಗೆ ಬೈಕಂಪಾಡಿಯ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು; ಬೋಳಾರದಿಂದ ಸೈಕಲ್ಲಿನಲ್ಲಿಯೇ ಹೋಗಿ ಬರುತ್ತಾನೆ. ಭಾನುವಾರ ಬೆಳಗ್ಗೆ ಅವನೂ ಶಾಹುಲನೂ ಸುರತ್ಕಲ್ಲಿನಿಂದ ಮಂಗಳಾದೇವಿಯವರೆಗೆ ಓಡಿಸುತ್ತಾರೆ. ಗೆರೆಯಿಲ್ಲ, ರಿಬ್ಬನ್ನಿಲ್ಲ. ಕೆಲವೊಮ್ಮೆ ಇವನು ಮೊದಲು, ಕೆಲವೊಮ್ಮೆ ಅವನು.

ಒಂದು ದಿನ ಮಧ್ಯಾಹ್ನ ಐಸ್ ಪ್ಲಾಂಟಿನ ಎದುರು ಒಂದು ದೊಡ್ಡ ಕಾರು ನಿಂತಿತು. ಇಳಿದವನು ಕೌಶಲ್. ಅವನೀಗ ಕಾಲೇಜುಗಳಿಗೆ ಹೋಗಿ 'ಕ್ರೀಡೆಯಲ್ಲಿ ಪ್ರಾಮಾಣಿಕತೆ' ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಿದ್ದ. ಪ್ರಶಸ್ತಿ ಸಿಕ್ಕಿದ ಮೇಲೆ ಅದೊಂದು ಜವಾಬ್ದಾರಿ ಬಂದುಬಿಟ್ಟಿತ್ತು. ಆಚೀಚೆ ನೋಡಿ, ಐಸಿನ ಬ್ಲಾಕುಗಳನ್ನು ಹೊಗಳಿ, ಕೊನೆಗೆ ತನಗೆ ತುಂಬ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಕೇಳಿದ.

"ಆ ದಿನ ಜೀಪು ದಾರಿ ತಪ್ಪದಿದ್ರೆ ನಾನು ಗೆಲ್ತಿದ್ದೆ, ಅಲ್ವಾ?"

ಕಮಲೇಶ ಅವನ ಮುಖ ನೋಡಿದ. ಹುಡುಗನಿಗೆ ಇನ್ನೂ ಗೊತ್ತಿಲ್ಲ, ಅಥವಾ ಅರ್ಧ ಗೊತ್ತಾಗಿ ಉಳಿದರ್ಧ ಕೇಳಲಿಕ್ಕೆ ಧೈರ್ಯವಿಲ್ಲ. ಗೆಲ್ತಿದ್ರಿ, ಖಂಡಿತ ಗೆಲ್ತಿದ್ರಿ, ನಾವೆಲ್ಲ ಅದಕ್ಕೇ ಇದ್ದದ್ದು ಎಂಬ ಮಾತು ಗಂಟಲಿನವರೆಗೆ ಬಂತು. ಅಪ್ಪನ ಮೇಲಿನ ಸಿಟ್ಟನ್ನು ಮಗನ ಮೇಲೆ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಆದರೆ ಆ ಮುಖದಲ್ಲಿ ಏನೋ ಇತ್ತು. ಕೂಳೂರು ಸೇತುವೆಯ ಮೇಲೆ ತನ್ನ ವೇಗಕ್ಕೆ ತಾನೇ ಬೆರಗಾಗಿ ಹಿಂತಿರುಗಿ ನೋಡಿದ್ದವನ ಮುಖ.

"ಭಾನುವಾರ ಬೆಳಗ್ಗೆ ಸುರತ್ಕಲ್ಲಿಗೆ ಬನ್ನಿ," ಎಂದ. "ನಾನು, ಶಾಹುಲ್ ಇಬ್ರೇ ಇರ್ತೇವೆ. ಆದ್ರೆ ನಿಮಗೋಸ್ಕರ ಯಾರೂ ನಿಲ್ಲುದಿಲ್ಲ, ಆಯ್ತಾ?"

ಕೌಶಲ್ ಬಂದ. ಬೈಕಂಪಾಡಿ ದಾಟುವ ಮೊದಲೇ ಎಷ್ಟು ಹಿಂದೆ ಉಳಿದನೆಂದರೆ, ಮಂಗಳಾದೇವಿಯಲ್ಲಿ ಇವರಿಬ್ಬರೂ ಬನ್ಸ್ ತಿಂದು ಚಹಾ ಕುಡಿದು ಎದ್ದ ಮೇಲೆ ತಲುಪಿದ. ಮುಖ ಬಿಳಿಚಿತ್ತು. ಇವನು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಶಾಹುಲ್ ಹೇಳಿದ. ಕಮಲೇಶನೂ ಹಾಗೆಯೇ ಅಂದುಕೊಂಡಿದ್ದ.

ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನ ಭಾನುವಾರವೂ. ಈಗಲೂ ಮೂವರಲ್ಲಿ ಮೂರನೆಯವನಾಗಿಯೇ ಬರುತ್ತಾನೆ. ಆದರೆ ಇತ್ತೀಚೆಗೆ ಕೂಳೂರು ಸೇತುವೆಯ ಮೇಲೆ ಹಿಂತಿರುಗಿ ನೋಡಿದರೆ ಅವನು ಕಣ್ಣಿಗೆ ಕಾಣಿಸುತ್ತಾನೆ. ಕಾಲೇಜುಗಳ ಭಾಷಣ ಬಿಟ್ಟಿದ್ದಾನಂತೆ. ಶನಿವಾರ ಬೇಗ ಮಲಗಬೇಕಾಗುತ್ತದೆ ಎಂದು ಕಾರಣ ಕೊಟ್ಟನಂತೆ.